ಬೆನ್ನುಜ್ಜುವ ಮರಗಳು

ಮಾರ್ಚ್ ೩

ಮೊದ್ದೂ,

ನಿನ್ನ ಪಾರ್ಸೆಲ್ ಬಂತು. ಬೂಟಿನ ಡಬ್ಬಿಗೆ ಏಳು ಸುತ್ತು ಹಗ್ಗ ಬಿಗಿದಿದ್ದೆ. ಒಳಗೆ ಏನೋ ನಿಧಿ ಇರಬೇಕು ಎಂದು ನಮ್ಮ ಮ್ಯೂಸಿಯಂನ ಜವಾನ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಬಿಚ್ಚಿದರೆ ಹನ್ನೆರಡು ಲಕೋಟೆ, ಲಕೋಟೆಗೊಂದು ಚಿಟಿಕೆ ಕರಡಿ ಕೂದಲು! ಹತ್ತೊಂಬತ್ತು ವರ್ಷದಿಂದ ಕರಡಿ ಬುರುಡೆ ಅಳೆಯುತ್ತಿರುವ ಅಕ್ಕನಿಗೆ ಇರುವ ಒಬ್ಬನೇ ತಮ್ಮ ಕಳಿಸುವುದು ಕ್ಷೌರದಂಗಡಿಯ ಕಸ. ಬಿಸಾಡಲು ಮನಸ್ಸಾಗದೆ ಮೇಜಿನ ಕೆಳಗಿನ ಡ್ರಾಯರಿಗೆ ತುರುಕಿದ್ದೇನೆ.

ಈಗ ಕೆಲಸದ ಮಾತು. ಬೇಟೆಗೆ ಪರವಾನಗಿ ಕೊಡುವ ಮಂಡಳಿಯವರು ನಿನ್ನ ಕಣಿವೆಯನ್ನು ಬಡಗಣ ಬೆಟ್ಟಗಳ ಜೊತೆ ಸೇರಿಸಲು ಹೊರಟಿದ್ದಾರೆ. ಅಲ್ಲಿರುವುದೂ ಕಂದು ಕರಡಿ, ಇಲ್ಲಿರುವುದೂ ಕಂದು ಕರಡಿ, ಅಲ್ಲಿ ಸಾವಿರಗಟ್ಟಲೆ ಇವೆ, ಹಾಗಾಗಿ ಮುಂದಿನ ವರ್ಷದಿಂದ ನಿನ್ನ ಕಣಿವೆಯಲ್ಲೂ ಕೋವಿ ಹಿಡಿದವರು ಕಾಸು ಕಟ್ಟಿ ಹೊಡೆಯಬಹುದು ಅನ್ನುವುದು ಅವರ ವಾದ. ಅವರದು ಪೂರ್ತಿ ತಪ್ಪು ಅಂತಲೂ ಹೇಳುವ ಹಾಗಿಲ್ಲ. ಕಂದು ಕರಡಿ ಅರ್ಧ ಭೂಮಿಗೆ ಹರಡಿದ ಒಂದೇ ಪ್ರಾಣಿ. ಮೀನು ಸಿಗುವ ಕರಾವಳಿಯಲ್ಲಿ ಎತ್ತಿನ ತೂಕ. ಬೇರು ಅಗೆದು ತಿನ್ನುವ ಒಣ ಬೆಟ್ಟದಲ್ಲಿ ಅದರ ಮೂರನೇ ಒಂದು ಪಾಲು. ಹಿಂದೆ ಒಬ್ಬ ಮಹಾಶಯ ಒಂದೇ ಖಂಡದ ಕರಡಿಗಳನ್ನು ಬುರುಡೆ ನೋಡಿ ಎಂಬತ್ತಕ್ಕೂ ಹೆಚ್ಚು ಬಗೆ ಮಾಡಿಟ್ಟಿದ್ದ. ಆಮೇಲೆ ಬಂದವರು ಅವನ್ನೆಲ್ಲ ಗುಡಿಸಿ ಬೆರಳೆಣಿಕೆಗೆ ಇಳಿಸಿದರು. ಯಾವ ವ್ಯತ್ಯಾಸ ಊಟದಿಂದ ಬಂದದ್ದು, ಯಾವುದು ವಂಶದಿಂದ ಬಂದದ್ದು ಅಂತ ಬಿಡಿಸಿ ಹೇಳುವುದೇ ನನ್ನ ಹೊಟ್ಟೆಪಾಡು.

ನಿನ್ನ ಕಣಿವೆಯದು ಬೇರೆ ವಂಶ ಎಂದು ನನ್ನ ಮನಸ್ಸು ಹೇಳುತ್ತಿದೆ. ಮೇಲಿನ ಕೊನೆಯ ದವಡೆ ಹಲ್ಲು ಬಡಗಣದವಕ್ಕಿಂತ ಗಿಡ್ಡ, ಹಣೆ ಎತ್ತರ. ಆದರೆ ನನ್ನ ಕಪಾಟಿನಲ್ಲಿ ಅಲ್ಲಿಯ ಬುರುಡೆ ಎರಡೇ ಎರಡು. ಬೆಳೆದ ಕರಡಿಯ ಐದು ಬುರುಡೆ ಇಲ್ಲದೆ ಬೇರೆ ವಂಶದ ಮಾತೇ ಎತ್ತಬಾರದು ಎಂದು ಮಂಡಳಿಯ ನಿಯಮ. ಸಭೆ ಸೆಪ್ಟೆಂಬರ್‌ನಲ್ಲಿ.

ಈ ವರ್ಷ ಎಷ್ಟಿವೆ, ಬರೆ. ಇಪ್ಪತ್ತಕ್ಕಿಂತ ಕಡಿಮೆ ಇರುವ ಕಡೆ ಕಾವಲು ಮನೆಗಳನ್ನೇ ಮುಚ್ಚುತ್ತಿದ್ದಾರಂತೆ. ನಿನ್ನ ಪುಣ್ಯಕ್ಕೆ ನಿನ್ನಲ್ಲಿ ಬೇಕಾದಷ್ಟಿವೆ, ಇಲ್ಲದಿದ್ದರೆ ಹೆಂಡತಿಯನ್ನು ಕಟ್ಟಿಕೊಂಡು ನನ್ನ ಎರಡು ಕೋಣೆಗೆ ಬಂದು ಕೂತಿರುತ್ತಿದ್ದೆ.

ಅಕ್ಕ


ಮಾರ್ಚ್ ೨೯

ಅಕ್ಕಾ,

ನಿನ್ನ ಪತ್ರ ಕೆಳಗಿನ ಸೇತುವೆಯ ಹತ್ತಿರ ಹನ್ನೊಂದು ದಿನ ಹಿಮದಲ್ಲಿ ಸಿಕ್ಕಿಕೊಂಡಿತ್ತು. ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಅಂದರೆ ನಾವಿಬ್ಬರೇ. ಒಲೆಯ ಕೊಳವೆ ಒಡೆದು ಹೋಗಿ ನಿನ್ನ ನಾದಿನಿ ಎರಡು ದಿನ ಹೊಗೆಯಲ್ಲೇ ಅಡುಗೆ ಮಾಡಿದಳು, ನನ್ನನ್ನು ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಈಗ ತಗಡು ಸುತ್ತಿ ಸರಿ ಮಾಡಿದ್ದೇನೆ.

ಈ ವರ್ಷದ ಎಣಿಕೆ ನಲವತ್ನಾಲ್ಕು. ನನಗಿಂತ ಮುಂಚೆ ಇಲ್ಲಿದ್ದ ಮುದುಕ ತೋರಿಸಿಕೊಟ್ಟ ಹಾಗೇ ಎಣಿಸುತ್ತೇನೆ. ಕರಡಿ ಬೆನ್ನುಜ್ಜುವ ಮರ ಕಂಡರೆ ಅದಕ್ಕೆ ಒಂದು ಸುತ್ತು ಮುಳ್ಳುತಂತಿ ಬಿಗಿದು ಕೆಂಪು ಬಣ್ಣದಲ್ಲಿ ನಂಬರ್ ಹಾಕುವುದು. ತಂತಿಗೆ ಕೂದಲು ಸಿಕ್ಕಿಕೊಂಡಿದ್ದರೆ ಒಂದು ಮರಕ್ಕೆ ಒಂದು ಕರಡಿ. ನಲವತ್ನಾಲ್ಕು ಮರದಲ್ಲೂ ಕೂದಲಿದೆ. ನಿನಗೆ ಕಳಿಸಿದ್ದು ಅದರಲ್ಲಿ ಹನ್ನೆರಡು ಮರದ್ದು, ಲಕೋಟೆಯ ಮೇಲೆ ಮರದ ನಂಬರ್ ಇದೆ ನೋಡು.

ದೊಡ್ಡಮ್ಮ ಗವಿಯಿಂದ ಹೊರಗೆ ಬಂದಳು ಅಕ್ಕಾ! ನಮ್ಮ ದೊಡ್ಡಮ್ಮ ಅಲ್ಲ, ಅವಳು ಸತ್ತು ಎಷ್ಟು ವರ್ಷವಾಯಿತು. ಕುತ್ತಿಗೆಯ ಸುತ್ತ ಬಿಳಿ ಪಟ್ಟಿ ಇರುವ ಹೆಣ್ಣು ಕರಡಿಗೆ ಆ ಹೆಸರಿಟ್ಟಿದ್ದೇನೆ. ದೊಡ್ಡಮ್ಮ ಬೂದು ಶಾಲು ಹೊದ್ದು ಅಂಗಳದಲ್ಲಿ ತೊನೆದಾಡುತ್ತಾ ನಡೆಯುತ್ತಿದ್ದಳಲ್ಲ, ಅದೇ ನಡಿಗೆ, ಅದೇ ಗೊಣಗು. ಇವಳಿಗೆ ಒಬ್ಬ ಮಗ, ಒಬ್ಬಳು ಮಗಳು. ಎರಡೂ ದೊಡ್ಡವಾಗಿವೆ, ಆದರೂ ಅಮ್ಮನ ಕಣಿವೆ ಬಿಟ್ಟು ಹೋಗಿಲ್ಲ. ಬೆಳಿಗ್ಗೆ ಅವಳು ಹದಿನೇಳನೇ ಮರಕ್ಕೆ ಬೆನ್ನು ಕೊಟ್ಟು ನಿಂತರೆ ಕಾಲು ಗಂಟೆ ಕದಲುವುದಿಲ್ಲ. ನಾನು ನಲವತ್ತು ಹೆಜ್ಜೆ ದೂರದಲ್ಲಿ ಬೀಡಿ ಸೇದುತ್ತಾ ನಿಂತರೂ ಕ್ಯಾರೇ ಅನ್ನುವುದಿಲ್ಲ.

ಕೂದಲ ಬೇರಿನಿಂದಲೇ ವಂಶ ಹೇಳುತ್ತಾರೆ ಎಂದು ಸಕ್ಕರೆ ಕಟ್ಟಿಕೊಂಡು ಬಂದ ಹಳೇ ಪತ್ರಿಕೆಯಲ್ಲಿ ಓದಿದೆ. ನಿಜವಾ?

ನಿನ್ನ ತಮ್ಮ


ಏಪ್ರಿಲ್ ೧೬

ಮೊದ್ದೂ,

ಸಕ್ಕರೆ ಪೊಟ್ಟಣ ಓದಿ ವಿಜ್ಞಾನಿಯಾದೆಯಾ? ಶಹಬ್ಬಾಸ್.

ಕೂದಲು ಓದುವವಳು ಒಬ್ಬಳು ನಮ್ಮ ನೆಲಮಾಳಿಗೆಗೆ ಹೋದ ವರ್ಷ ಬಂದಿದ್ದಾಳೆ. ವಯಸ್ಸು ಇಪ್ಪತ್ತೆಂಟು, ಬಿಳಿ ಕೋಟು, ಕೈಗೆ ಪ್ಲಾಸ್ಟಿಕ್ ಗವಸು. ಜೀವಮಾನದಲ್ಲಿ ಒಂದು ಕರಡಿ ಮುಟ್ಟಿಲ್ಲ. ನಾನು ಅವಳನ್ನು ಕೂದಲಮ್ಮ ಅಂತಲೇ ಕರೆಯುವುದು. ನಿರ್ದೇಶಕರಿಗೆ ಅವಳೆಂದರೆ ಪ್ರಾಣ. ನನ್ನ ಹುಳದ ಕೋಣೆಯನ್ನೂ ಅವಳ ಯಂತ್ರಕ್ಕೆ ಬಿಟ್ಟುಕೊಡಬೇಕು ಎಂದು ಎರಡು ಸಲ ಸೂಚನೆ ಕೊಟ್ಟಾಯಿತು. ಹುಳದ ಕೋಣೆ ಅಂದರೆ ಗೊತ್ತಲ್ಲ, ಬುರುಡೆಗೆ ಅಂಟಿದ ಮಾಂಸವನ್ನು ತಿಂದು ಚೊಕ್ಕಟ ಮಾಡುವ ಹುಳಗಳನ್ನು ಸಾಕಿರುವ ಜಾಗ. ಆ ಹುಳಗಳು ನನ್ನ ಬಿಟ್ಟರೆ ಬೇರೆಯವರ ಮಾತು ಕೇಳುವುದಿಲ್ಲ ಅಂತ ಹೇಳಿ ಕಳಿಸಿದ್ದೇನೆ.

ಬುರುಡೆ ಸುಳ್ಳು ಹೇಳುವುದಿಲ್ಲ. ಕ್ಯಾಲಿಪರ್ ಹಿಡಿದರೆ ಎಷ್ಟಿದೆಯೋ ಅಷ್ಟೇ. ನಾನು ಐದು ಬುರುಡೆ ಇಟ್ಟು ಮಂಡಳಿಯ ಬಾಯಿ ಮುಚ್ಚಿಸುತ್ತೇನೆ, ಆಮೇಲೆ ಕೂದಲಮ್ಮನ ಬಾಯಿ.

ಎರಡಿವೆ, ಇನ್ನೂ ಮೂರು ಬೇಕು. ನಲವತ್ನಾಲ್ಕರಲ್ಲಿ ಮೂರು. ನಿನ್ನ ಎಣಿಕೆ ತೋರಿಸಿ ಇಲಾಖೆಯಿಂದ ಅನುಮತಿ ತಗೊಂಡಿದ್ದೇನೆ, ಕಾಗದ ಜೊತೆಗಿದೆ. ಒಂದಾದರೂ ವಯಸ್ಸಾದ ಹೆಣ್ಣಾಗಿರಲಿ, ಹಲ್ಲಿನ ಬೆಳವಣಿಗೆ ಮುಗಿದಿರಬೇಕು. ತಲೆಗೆ ಹೊಡೆಯಬೇಡ, ಎದೆಗೆ ಹೊಡಿ.

ದೊಡ್ಡಮ್ಮನ ಹೆಸರಿಟ್ಟಿದ್ದೀಯಲ್ಲ, ಅವಳನ್ನೇ ಹೊಡಿ. ನನ್ನ ಬೆನ್ನ ಮೇಲೆ ಅವಳ ಬಳೆ ಮೂಡಿದ ಗುರುತು ಇನ್ನೂ ಇದೆ. ನಿನಗೆ ಬೆಣ್ಣೆ, ನನಗೆ ಏಟು.

ಅಕ್ಕ


ಮೇ ೮

ಅಕ್ಕಾ,

ಅನುಮತಿ ಕಾಗದ ಸಿಕ್ಕಿತು. ಎರಡು ಸಲ ಓದಿದೆ.

ಮೇಲಿನ ಕಲ್ಲುರಾಶಿಯಲ್ಲಿ ಹಳೇ ಬುರುಡೆ ಒಂದು ಸಿಕ್ಕಿದೆ. ಕೆಳದವಡೆ ಇಲ್ಲ, ಮೇಲಿನ ಹಲ್ಲು ಮೂರು ಉಳಿದಿವೆ. ತೊಳೆದು ಇಟ್ಟಿದ್ದೇನೆ. ಕಳಿಸಲಾ? ಇನ್ನೂ ಹುಡುಕಿದರೆ ಇಂಥವೇ ಒಂದೆರಡು ಸಿಗಬಹುದು. ಬೇಸಿಗೆಯಲ್ಲಿ ಹಿಮ ಕರಗಿದ ಮೇಲೆ ಇಡೀ ಕಣಿವೆ ಜಾಲಾಡುತ್ತೇನೆ, ದಯವಿಟ್ಟು ಅಲ್ಲಿಯವರೆಗೆ ತಾಳು.

ಈಗ ಹೊಡೆಯುವ ಕಾಲ ಅಲ್ಲ. ಕರಡಿಗಳು ಗವಿಯಿಂದ ಎದ್ದು ಬಂದು ಬರೀ ಚರ್ಮ ಮೂಳೆಯಾಗಿವೆ. ಕಾಡತೂಸೂ ತೇವ ಹಿಡಿದಿದೆ. ನನ್ನ ಬಲಗೈ ಹೆಬ್ಬೆರಳೂ ಊದಿಕೊಂಡಿದೆ.

ಆ ನೆಲಮಾಳಿಗೆಯ ಹುಡುಗಿಗೆ ಒಂದು ಸಲ ಲಕೋಟೆಗಳನ್ನು ಕೊಟ್ಟು ನೋಡಬಾರದಾ? ನಿನಗೆ ಅವಮಾನವಾಗುವುದಾದರೆ ನಾನೇ ಅವಳಿಗೆ ಪತ್ರ ಬರೆಯುತ್ತೇನೆ. ಇನ್ನೂ ಬೇಕಿದ್ದರೆ ಎಲ್ಲ ನಲವತ್ನಾಲ್ಕು ಮರದ್ದೂ ಕಳಿಸುತ್ತೇನೆ.

ನಿನ್ನ ನಾದಿನಿ ಹೇಳುತ್ತಾಳೆ, “ಅತ್ತಿಗೆ ಒಳ್ಳೇದಕ್ಕೇ ಹೇಳ್ತಿರಬಹುದು, ಆದ್ರೆ ಅವರು ಇಲ್ಲಿಗೆ ಬಂದು ಒಂದು ಸಲ ಅದರ ಮುಖ ನೋಡ್ಲಿ” ಅಂತ.

ನಿನ್ನ ತಮ್ಮ


ಮೇ ೨೦

ಕಾಡತೂಸಿಗೆ ತೇವ, ಕೈಗೆ ಊತ, ಕರಡಿಗೆ ಹಸಿವು. ಇನ್ನೇನು ಉಳಿದಿದೆ? ನಿನಗೆ ಗರ್ಭವಾ?

ಕೇಳು. ನೀನು ಚಿಕ್ಕಂದಿನಿಂದ ಹೀಗೇ. ಹಲ್ಲು ಕೀಳಿಸಲು ಕರೆದುಕೊಂಡು ಹೋದರೆ ಡಾಕ್ಟರ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ, ಕೊನೆಗೆ ಕೀವಾಗಿ ಮೂರು ಹಲ್ಲು ಹೋಯಿತು. ಹತ್ತು ಕೆಲಸಕ್ಕೆ ಸೇರಿಸಿದೆ, ಹತ್ತೂ ಬಿಟ್ಟು ಬಂದೆ. ಈ ಕಾವಲು ಕೆಲಸ ಯಾರ ಕಾಲು ಹಿಡಿದು ಕೊಡಿಸಿದೆ ಎಂದು ನಿನಗೆ ಗೊತ್ತು. ಗುಡ್ಡದ ಮೇಲೆ ಕೂತು ಮರಕ್ಕೆ ಬಣ್ಣ ಬಳಿದು ಸಂಬಳ ತಗೊಳ್ಳುವವನಿಗೆ ಒಂದು ದಿನ, ಒಂದೇ ಒಂದು ದಿನ, ಅಕ್ಕನಿಗೆ ಆಗುವಂಥ ಕೆಲಸ ಮಾಡು ಅಂದರೆ ಹೆಬ್ಬೆರಳು ತೋರಿಸುತ್ತೀಯ.

ಮುರುಕು ಬುರುಡೆ ಬೇಡ. ನೆಲಮಾಳಿಗೆಗೆ ಪತ್ರ ಬರೆದರೆ ನನ್ನ ನಿನ್ನ ಸಂಬಂಧ ಮುಗಿಯಿತು ಅಂತ ತಿಳಿ.

ಮೂರು ಕರಡಿ ಉಳಿಸಲು ಹೋಗಿ ನಲವತ್ನಾಲ್ಕನ್ನೂ ಬೇಟೆಗಾರರ ಕೈಗೆ ಕೊಡುತ್ತೀಯಲ್ಲ, ಇದು ಯಾವ ಸೀಮೆಯ ಕರುಣೆ? ನಿನ್ನ ಹೆಂಡತಿ ಮುಖ ನೋಡಿಕೊಂಡಿರಲಿ, ಮುಂದಿನ ವರ್ಷ ಗೋಡೆಯ ಮೇಲೆ ಮೊಳೆ ಹೊಡೆದ ನಲವತ್ನಾಲ್ಕು ಮುಖ ನೋಡಬಹುದು.

ನಿನ್ನ ಕೈಯಲ್ಲಿ ಆಗುವುದಿಲ್ಲ ಎಂದರೆ ಹೇಳಿಬಿಡು. ಜೂನ್ ಕೊನೆಗೆ ಇಲಾಖೆಯ ಎಣಿಕೆ ತಂಡವನ್ನು ಕರೆದುಕೊಂಡು ನಾನೇ ಬರುತ್ತೇನೆ. ಆರು ಜನ, ನಾಯಿ, ಕ್ಯಾಮೆರಾ ಎಲ್ಲ ಇವೆ. ಒಂದು ತಿಂಗಳು ಕಣಿವೆಯಲ್ಲೇ ಇದ್ದು ಒಂದೊಂದು ಕರಡಿಯನ್ನೂ ಎಣಿಸಿ, ಬೇಕಾದ ಮೂರನ್ನು ಆರಿಸಿ ಅವರೇ ಹೊಡೆಯುತ್ತಾರೆ. ನೀನು ಒಳಗೆ ಕೂತು ಹೆಬ್ಬೆರಳಿಗೆ ಶಾಖ ಕೊಟ್ಟುಕೋ.

ಅಕ್ಕ


ಜೂನ್ ೧೪

ಅಕ್ಕಾ,

ಯಾರನ್ನೂ ಕರೆದುಕೊಂಡು ಬರಬೇಡ. ಎಣಿಕೆ ತಂಡ ಬೇಡ. ನಾನೇ ಮಾಡುತ್ತೇನೆ.

ಮೊದಲನೆಯದು ಈ ಪೆಟ್ಟಿಗೆಯಲ್ಲಿದೆ. ಗಂಡು. ಉಪ್ಪು ಹಾಕಿದ್ದೇನೆ.

ತಮ್ಮ


ಜುಲೈ ೨

ನನ್ನ ಮುದ್ದು ಮೊದ್ದೂ,

ನೋಡಿದೆಯಾ, ಮನಸ್ಸು ಮಾಡಿದರೆ ನಿನ್ನ ಕೈಯಲ್ಲೂ ಆಗುತ್ತದೆ! ಪೆಟ್ಟಿಗೆ ಬಿಚ್ಚಿದಾಗ ವಾಸನೆಗೆ ಜವಾನ ಓಡಿಹೋದ. ನನ್ನ ಹುಳಗಳಿಗೆ ಹಬ್ಬ. ಒಂಬತ್ತೇ ದಿನದಲ್ಲಿ ಬುರುಡೆಯನ್ನು ಹಾಲುಬಿಳಿ ಮಾಡಿಟ್ಟಿವೆ. ಕೊನೆಯ ದವಡೆ ಹಲ್ಲು ನಾನು ಹೇಳಿದ ಹಾಗೇ ಗಿಡ್ಡ, ಬಡಗಣದ ಯಾವ ಗಂಡಿಗೂ ಹೀಗಿಲ್ಲ. ಮೂರು ಸಲ ಅಳೆದೆ, ಮೂರು ಸಲವೂ ಅದೇ. ಖುಷಿಗೆ ಕಣ್ಣಲ್ಲಿ ನೀರು ಬಂತು ಕಣೋ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಿರ್ದೇಶಕರು ನನ್ನ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಹೊಸ ಬಗೆ ಎಂದು ಒಪ್ಪಿದರೆ ಹೆಸರಿಡುವವಳು ನಾನು. ಹುಳದ ಕೋಣೆಯ ಸುದ್ದಿ ಯಾರೂ ಎತ್ತುತ್ತಿಲ್ಲ.

ನಿನ್ನ ಪತ್ರ ಮೂರು ಸಾಲು ಮಾತ್ರ ಇತ್ತು. ಮುನಿಸಾ? ಹೋದ ಪತ್ರದಲ್ಲಿ ಸ್ವಲ್ಪ ಜೋರಾಗಿ ಬರೆದೆನೇನೋ. ನಿನಗೆ ಚುಚ್ಚದಿದ್ದರೆ ನೀನು ಏಳುವುದಿಲ್ಲ, ಅದಕ್ಕೆ. ಸಭೆ ಮುಗಿದ ಮೇಲೆ ಒಲೆಗೆ ಹೊಸ ಕೊಳವೆ ಕೊಡಿಸುತ್ತೇನೆ.

ಇನ್ನೆರಡು ಬೇಗ ಕಳಿಸು. ಹೆಣ್ಣು ಮರೆಯಬೇಡ.

ಅಕ್ಕ


ಆಗಸ್ಟ್ ೧೧

ಅಕ್ಕಾ,

ಎರಡು ಪೆಟ್ಟಿಗೆ ಕಳಿಸಿದ್ದೇನೆ. ಚಿಕ್ಕದರಲ್ಲಿ ಮಗಳು, ದೊಡ್ಡದರಲ್ಲಿ ದೊಡ್ಡಮ್ಮ.

ಹೇಗಾಯಿತು ಅಂತ ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ಮಗಳದು ಬೇಗ ಆಯಿತು, ಹೊಳೆ ದಾಟುವಾಗ. ದೊಡ್ಡಮ್ಮ ಅದಾದ ಮೇಲೆ ಆರು ದಿನ ಕಾಣಲಿಲ್ಲ. ಕಣಿವೆ ಬಿಟ್ಟು ಹೋಗಿರಲಿ ದೇವರೇ ಅಂದುಕೊಂಡೆ. ಏಳನೇ ಬೆಳಿಗ್ಗೆ ಹದಿನೇಳನೇ ಮರದ ಹತ್ತಿರ ಎಂದಿನ ಹಾಗೆ ನಿಂತಿದ್ದಳು, ಮರಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿಕೊಂಡು. ನಾನು ದಿನಾ ನಿಲ್ಲುವ ಜಾಗದಲ್ಲೇ ನಿಂತೆ. ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಇವನೇ ತಾನೆ ಅನ್ನುವ ಹಾಗೆ ಮತ್ತೆ ಉಜ್ಜಲು ಶುರು ಮಾಡಿದಳು. ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದಳು ಅಕ್ಕಾ. ಎಂಟು ವರ್ಷ ಅಲ್ಲಿ ನಿಂತು ಬೀಡಿ ಸೇದಿ ನಾನೇ ಅವಳಿಗೆ ಹೆದರದೆ ಇರುವುದನ್ನು ಕಲಿಸಿದ್ದೆ.

ನೀನು ಹೇಳಿದ ಹಾಗೆ ಎದೆಗೆ ಹೊಡೆದೆ. ಗುರಿ ತಪ್ಪಿ ಹೊಟ್ಟೆಗೆ ಬಿತ್ತು. ಮೂರು ಗಂಟೆ ರಕ್ತದ ಜಾಡು ಹಿಡಿದು ಹೋದೆ. ಮಗಳು ಬಿದ್ದ ಹೊಳೆಯ ದಂಡೆಯಲ್ಲೇ ಹೋಗಿ ಕೂತಿದ್ದಳು. ಅಲ್ಲಿ ಇನ್ನೊಂದು ಗುಂಡು ಹೊಡೆದೆ. ದವಡೆಗೆ ತಾಗಬಾರದೆಂದು ಹತ್ತಿರ ಹೋಗಿ, ಸರಿಯಾಗಿ ಗುರಿ ಇಟ್ಟು. ನಿನಗೆ ಬುರುಡೆ ಚೆನ್ನಾಗಿ ಸಿಕ್ಕಿರಬೇಕು.

ತಲೆ ಕೊಯ್ಯುವಾಗ ನಿನ್ನ ನಾದಿನಿ ಬಂದು ನಿಂತಳು. “ಇನ್ನು ಯಾರನ್ನ ಕಾಯ್ತೀರಿ ಇಲ್ಲಿ?” ಅಂದಳು. ಅಷ್ಟೇ. ಎರಡು ದಿನ ಬಿಟ್ಟು ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಹೋದಳು.

ಸಭೆಯಲ್ಲಿ ಗೆದ್ದುಬಿಡು. ಇಷ್ಟಾದ ಮೇಲೆ ಅದೂ ಆಗದಿದ್ದರೆ ನಾನು ಉಳಿಯುವುದಿಲ್ಲ.

ತಮ್ಮ


ಸೆಪ್ಟೆಂಬರ್ ೨೨

ಮೊದ್ದೂ,

ಗೆದ್ದೆವು! ಐದು ಬುರುಡೆಗಳನ್ನು ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಎದುರಿಗೆ ಬಡಗಣದ ಇಪ್ಪತ್ತನ್ನು ಇಟ್ಟೆ. ಮಂಡಳಿಯವರು ಮೇಜು ಸುತ್ತಿ ಸುತ್ತಿ ನೋಡಿದರು. ಬೇಟೆಗಾರರ ಪರ ಬಂದಿದ್ದ ದಪ್ಪ ಮೀಸೆಯ ವಕೀಲ “ಮೇಡಂ, ನಮಗೆ ಎಲ್ಲಾ ಒಂದೇ ಥರ ಕಾಣ್ತವೆ” ಅಂದ. “ನನಗೂ ವಕೀಲರು ಹಾಗೇ ಕಾಣ್ತಾರೆ” ಅಂದೆ. ಸಭೆಗೆ ಸಭೆಯೇ ನಕ್ಕಿತು.

ನಿನ್ನ ಕಣಿವೆಯಲ್ಲಿ ಬೇಟೆ ಶಾಶ್ವತವಾಗಿ ನಿಷೇಧ. ನಲವತ್ತೊಂದು ಕರಡಿಗಳ ಜೀವ ಉಳಿಯಿತು. ನಿನ್ನ ಹೆಂಡತಿಗೆ ಈ ಸುದ್ದಿ ಬರೆ, ತಾನೇ ವಾಪಸ್ ಬರುತ್ತಾಳೆ. ಹೆಂಗಸರಿಗೆ ಸಿಟ್ಟು ಬರುತ್ತದೆ, ಹೋಗುತ್ತದೆ.

ದೊಡ್ಡಮ್ಮನ ಬುರುಡೆ ಎಲ್ಲಕ್ಕಿಂತ ಚೆಂದ. ಹೊಸ ಬಗೆಗೆ ಮಾದರಿಯೆಂದು ಅದನ್ನೇ ಆರಿಸಿದ್ದಾರೆ. ಗಾಜಿನ ಪೆಟ್ಟಿಗೆ, ಹಿತ್ತಾಳೆ ಫಲಕ, ಕೆಳಗೆ ನನ್ನ ಹೆಸರು. ಬದುಕಿದ್ದಾಗ ನನಗೆ ಏಟು ಕೊಟ್ಟವಳ ಹೆಸರಿನದು ಈಗ ನನಗೆ ಹೆಸರು ತಂದುಕೊಟ್ಟಿತು ನೋಡು.

ಒಂದು ಸಣ್ಣ ಕಿರಿಕಿರಿ. ಕೂದಲ ವರದಿಯೂ ಜೊತೆಗಿರಲಿ ಎಂದು ಮಂಡಳಿಯ ಒಬ್ಬರು ಹಟ ಹಿಡಿದರು. ಡ್ರಾಯರಿನಲ್ಲಿದ್ದ ನಿನ್ನ ಬೂಟಿನ ಡಬ್ಬಿಯನ್ನು ಕೂದಲಮ್ಮನ ಮುಂದೆ ಕುಕ್ಕಿ ಬಂದೆ. ಐದು ಬುರುಡೆಯಿಂದ ಹಲ್ಲಿನ ಪುಡಿಯನ್ನೂ ಕೇಳಿದಳು, ಕೊಟ್ಟಿದ್ದೇನೆ. ತಲೆ ಕೆಡಿಸಿಕೊಳ್ಳಬೇಡ.

ಅಕ್ಕ


ಅಕ್ಟೋಬರ್ ೧೯

ತಮ್ಮಾ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ.

ಕೂದಲ ವರದಿ ಬಂತು. ಮಂಡಳಿಗೆ ಹೋಗುವ ಮುಂಚೆ ಆ ಹುಡುಗಿ ನನ್ನನ್ನು ಕೆಳಗೆ ಕರೆದಳು. ಕೂತ್ಕೊಳ್ಳಿ ಮೇಡಂ ಅಂದಳು. ಕಣಿವೆಯದು ಬೇರೆಯೇ ವಂಶ. ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಗುರುತು ಕೂದಲಲ್ಲಿ ಸ್ಪಷ್ಟವಾಗಿದೆಯಂತೆ, ಬಡಗಣದ ಯಾವ ಕರಡಿಗೂ ಅದು ಇಲ್ಲ. ನನ್ನ ಕ್ಯಾಲಿಪರ್ ಹೇಳಿದ್ದನ್ನೇ ಅದೂ ಹೇಳಿದೆ. ಎಷ್ಟು ದಿನ ಹಿಡಿಯಿತು ಎಂದು ಕೇಳಿದೆ. ಮೂರು ವಾರ ಅಂದಳು.

ನಿನಗೆ ಒಂದು ಮಾತು ಬರೆದಿರಲಿಲ್ಲ. ಐದು ಬುರುಡೆ ಬೇಕು ಎನ್ನುವ ನಿಯಮಕ್ಕೆ ಎರಡನೇ ಸಾಲು ಇದೆ: ಇಲ್ಲವೇ ಹತ್ತು ಕೂದಲ ಮಾದರಿಗಳ ವರದಿ. ನೀನು ಮಾರ್ಚ್‌ನಲ್ಲೇ ಹನ್ನೆರಡು ಕಳಿಸಿದ್ದೆ. ನನಗೆ ಆ ಸಾಲು ಗೊತ್ತಿತ್ತು. ಈ ಕಣಿವೆಯನ್ನು ಕೂದಲಮ್ಮ ಗೆದ್ದಳು ಅಂತ ಆಗಬಾರದಿತ್ತು, ನಾನು ಗೆದ್ದೆ ಅಂತ ಆಗಬೇಕಿತ್ತು. ನಲವತ್ನಾಲ್ಕರಲ್ಲಿ ಮೂರು ತಾನೆ ಅಂದುಕೊಂಡೆ.

ಆಮೇಲೆ ಅವಳು ಇನ್ನೊಂದು ಹಾಳೆ ತೋರಿಸಿದಳು. ಯಾವ ಕೂದಲು ಯಾವ ಕರಡಿಯದು ಅಂತಲೂ ಅವಳ ಯಂತ್ರ ಹೇಳುತ್ತದೆ. ನಿನ್ನ ಹನ್ನೆರಡು ಲಕೋಟೆಯಲ್ಲಿ ಇರುವುದು ಮೂರೇ ಕರಡಿಯ ಕೂದಲು. ಒಂದು ತಾಯಿ, ಒಬ್ಬ ಮಗ, ಒಬ್ಬಳು ಮಗಳು. ನೀನು ಕಳಿಸಿದ ಮೂರು ಬುರುಡೆಯ ಹಲ್ಲಿನ ಪುಡಿ ಅವೇ ಮೂರಕ್ಕೆ ಹೊಂದಿದೆ.

ಉಳಿದ ಮೂವತ್ತೆರಡು ಮರದಲ್ಲಿ ಬೇರೆ ಕರಡಿಗಳಿವೆ ಅಲ್ಲವಾ? ಈ ಹಾಳೆಯನ್ನು ಅವಳು ಇನ್ನೂ ಯಾರಿಗೂ ಕೊಟ್ಟಿಲ್ಲ, ಮಂಡಳಿ ಕೇಳಿದ್ದು ವಂಶ ಮಾತ್ರ. ಇವೆ ಅಂತ ಬರೆ. ಎಷ್ಟು ಅಂತ ಬೇಡ, ಇವೆ ಅಂತ ಬರೆದರೆ ಸಾಕು.

ಅಕ್ಕ


ನವೆಂಬರ್ ೯

ಅಕ್ಕಾ,

ಇಲ್ಲ.

ಬಂದ ಎರಡನೇ ವರ್ಷವೇ ನನಗೆ ಗೊತ್ತಾಗಿತ್ತು. ದೊಡ್ಡಮ್ಮ ಒಂದೇ ಬೆಳಿಗ್ಗೆ ಐದು ಮರಕ್ಕೆ ಉಜ್ಜಿಕೊಂಡು ಹೋಗುವುದನ್ನು ಬೆನ್ನು ಹತ್ತಿ ನೋಡಿದ್ದೆ. ನನಗೆ ಎಣಿಕೆ ಕಲಿಸಿದ ಆ ಮುದುಕನಿಗೂ ಗೊತ್ತಿತ್ತು, ಹೋಗುವಾಗ ನಕ್ಕು, “ಮರಗಳನ್ನ ಚೆನ್ನಾಗಿ ನೋಡ್ಕೊ, ಕರಡಿಗಳು ತಾವೇ ನೋಡ್ಕೊಳ್ತಾವೆ” ಅಂದಿದ್ದ. ಮೂರು ಅಂತ ಬರೆದಿದ್ದರೆ ಈ ಮನೆ ಮುಚ್ಚುತ್ತಿದ್ದರು. ಹನ್ನೊಂದನೇ ಕೆಲಸವನ್ನೂ ಕಳೆದುಕೊಂಡು ನಿನ್ನ ಬಾಗಿಲಿಗೆ ಬರುವ ಧೈರ್ಯ ನನಗಿರಲಿಲ್ಲ. ನಾನು ಹೋದರೆ ಆ ಮೂರನ್ನು ಕಾಯುವವರೂ ಇರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಂಟು ವರ್ಷ ಸುಳ್ಳು ಬರೆದು ಕಾಪಾಡಿದೆ.

ಬೇಡ ಅಂತ ನಿನಗೆ ಎಷ್ಟು ಸಲ ಬರೆದೆ. ಇರುವುದೇ ಮೂರು ಎಂದು ಒಂದು ಸಾಲು ಬರೆಯಲಿಲ್ಲ. ನೀನು ಎಣಿಕೆ ತಂಡ ತರುತ್ತೇನೆ ಅಂದಾಗ ಕರಡಿಗಿಂತ ನನ್ನ ಮಾನ ದೊಡ್ಡದಾಯಿತು. ಮಗನನ್ನು ಹೊಡೆದಾಗ ಇನ್ನೆರಡು ಉಳಿದಿವೆ, ಈಗ ಹೇಳಿಬಿಡೋಣ ಅನ್ನಿಸಿತ್ತು. ನಿನ್ನ ಪತ್ರ ಬಂತು, ನನ್ನ ಮುದ್ದು ಮೊದ್ದು ಅಂತ. ನೀನು ಹಾಗೆ ಕರೆದದ್ದು ಅದೇ ಮೊದಲು.

ಆಗಸ್ಟ್‌ನಿಂದ ದಿನಾ ನಲವತ್ನಾಲ್ಕು ಮರವನ್ನೂ ಸುತ್ತುತ್ತಿದ್ದೇನೆ. ಒಂದು ತಂತಿಯಲ್ಲೂ ಹೊಸ ಕೂದಲಿಲ್ಲ. ಮೊದಲ ಹಿಮ ಬಿದ್ದಿದೆ, ನನ್ನ ಬೂಟಿನ ಗುರುತು ಬಿಟ್ಟರೆ ಬೇರೆ ಗುರುತಿಲ್ಲ.

ವರ್ಷದ ಕೊನೆಯ ಎಣಿಕೆ ಹಾಳೆ ಇದರ ಜೊತೆಗಿದೆ. ಸೊನ್ನೆ ಅಂತ ಬರೆದಿದ್ದೇನೆ. ಎಂಟು ವರ್ಷದಲ್ಲಿ ನಾನು ಬರೆದ ಮೊದಲ ನಿಜ ಇದು. ತಜ್ಞೆ ಎಂದು ನಿನ್ನ ರುಜುವೂ ಬೇಕಂತೆ. ಹಾಕಿ ಇಲಾಖೆಗೆ ಕೊಡು. ಮನೆ ಮುಚ್ಚಲಿ, ಜೈಲಿಗೆ ಹಾಕಲಿ, ಏನಾದರೂ ಮಾಡಲಿ. ನಿನ್ನ ನಾದಿನಿಗೂ ಬರೆದಿದ್ದೇನೆ, ನಿಜ ಹೇಳಿಬಿಟ್ಟೆ, ಈಗಲಾದರೂ ಬಾ ಅಂತ.

ತಮ್ಮ


ನವೆಂಬರ್ ೨೭

ತಮ್ಮಾ,

ನಿನ್ನ ಹಾಳೆಯನ್ನು ಒಲೆಗೆ ಹಾಕಿದೆ.

ಯೋಚನೆ ಮಾಡು, ಒಂದು ಸಲವಾದರೂ. ಸೊನ್ನೆ ಅಂದರೆ ಮೊದಲ ಪ್ರಶ್ನೆ ಏನು? ಹೋದ ಎಣಿಕೆಯಲ್ಲಿ ನಲವತ್ನಾಲ್ಕು ಇದ್ದವು, ಎಲ್ಲಿ ಹೋದವು? ಕೊಂದವನು ನೀನು, ಅನುಮತಿ ತೆಗೆದುಕೊಟ್ಟವಳು ನಾನು. ಮಾದರಿ ಬುರುಡೆಯ ಫಲಕದಲ್ಲಿ ನನ್ನ ಹೆಸರಿದೆ. ಒಂದು ವಂಶಕ್ಕೆ ಹೆಸರಿಟ್ಟವಳೇ ಅದನ್ನು ಮುಗಿಸಿದಳು ಎಂದು ನಾಳೆ ಮಕ್ಕಳ ಪಠ್ಯದಲ್ಲಿ ಬರುತ್ತದೆ. ಅದರಿಂದ ಒಂದು ಕರಡಿ ಎದ್ದು ಬರುತ್ತದೆಯಾ? ಬರುವುದಾದರೆ ಹೇಳು, ನಾನೇ ಹೋಗಿ ಎಲ್ಲರ ಮುಂದೆ ಬಾಯಿ ಬಿಡುತ್ತೇನೆ.

ನೆಲಮಾಳಿಗೆಯ ಹುಡುಗಿಗೆ ಹುಳದ ಕೋಣೆ ಬಿಟ್ಟುಕೊಟ್ಟೆ. ಎರಡನೇ ಹಾಳೆ ಅವಳ ಬೀರುವಿನಲ್ಲಿ ಇರುತ್ತದೆ. ಜಾಣೆ, ಒಂದೇ ಮಾತಿಗೆ ಅರ್ಥ ಮಾಡಿಕೊಂಡಳು. ಹುಳಗಳನ್ನು ನಿನ್ನೆ ಬಿಸಿನೀರು ಸುರಿದು ಸಾಯಿಸಿದೆವು.

ಹೊಸ ಎಣಿಕೆ ಹಾಳೆ ಕಳಿಸಿದ್ದೇನೆ. ಸಂಖ್ಯೆ ನಾನೇ ತುಂಬಿದ್ದೇನೆ. ಹೋದ ಎಣಿಕೆಯಲ್ಲಿ ನಲವತ್ನಾಲ್ಕು, ಅನುಮತಿಯ ಮೇಲೆ ಹೊಡೆದದ್ದು ಮೂರು, ಉಳಿದದ್ದು ನಲವತ್ತೊಂದು. ಕೂಡಿ ಕಳೆದು ಯಾರು ನೋಡಿದರೂ ಸರಿ ಬರುತ್ತದೆ. ನನ್ನ ರುಜು ಹಾಕಿಯಾಗಿದೆ. ನಿನ್ನ ರುಜುವಿನ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿದ್ದೇನೆ.

ಹಾಕಿ ಕಳಿಸು. ಇಲ್ಲದಿದ್ದರೆ ಎಂಟು ವರ್ಷದ ಸುಳ್ಳು ಎಣಿಕೆ ನಿನ್ನೊಬ್ಬನದೇ ಎಂದು ನಾನು ಹೇಳಬೇಕಾಗುತ್ತದೆ. ಹೇಳುತ್ತೇನೆ ಕೂಡ. ನನ್ನನ್ನು ನೀನು ಬಲ್ಲೆ.

ಒಲೆಯ ಕೊಳವೆ ಬೇರೆ ಪಾರ್ಸೆಲ್‌ನಲ್ಲಿ ಬರುತ್ತಿದೆ.

ಅಕ್ಕ


ಡಿಸೆಂಬರ್ ೨೦

ಅಕ್ಕಾ,

ರುಜು ಹಾಕಿ ಕಳಿಸಿದ್ದೇನೆ. ಕೊಳವೆ ಬಂತು, ಸರಿಯಾಗಿ ಕೂತಿದೆ. ಅವಳು ಉತ್ತರ ಬರೆಯಲಿಲ್ಲ.

ಹದಿನೇಳನೇ ಮರದ್ದೂ ಇನ್ನೆರಡು ಮರದ್ದೂ ನಂಬರ್ ಕೆರೆದು ಹಾಕಿ, ತಂತಿ ಬಿಚ್ಚಿದೆ. ಹದಿನೇಳರ ತಂತಿಯಲ್ಲಿ ಮಾತ್ರ ಹಳೇ ಕೂದಲು ಸ್ವಲ್ಪ ಉಳಿದಿತ್ತು. ಅದನ್ನು ಎಳೆ ಎಳೆ ಬಿಡಿಸಿ ಬೇರೆ ಮರಗಳ ತಂತಿಗೆ ಸಿಕ್ಕಿಸಿದೆ, ಯಾರಾದರೂ ಬಂದು ನೋಡಿದರೆ ಇರಲಿ ಎಂದು. ನಲವತ್ತೊಂದಕ್ಕೂ ಸಾಕಾಯಿತು.

ಉಳಿದ ನಂಬರುಗಳು ಮಾಸಿವೆ. ಎರಡು ಡಬ್ಬಿ ಕೆಂಪು ಬಣ್ಣ ಕಳಿಸು.

ಮೊದ್ದು